ತೇರಿಗೆ ಪುಟ್ಟನನ್ನು ಕರ್ಕೊಂಡು ಹೋಗಲಾ, ಬೇಡವಾ?

ಪುಟ್ಟನ ಅಮ್ಮ (ಹೊಳೆನರಸೀಪುರ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ಪೋಷಕರ ಗುಂಪಿನಲ್ಲಿ ನೀವೆಲ್ಲ ಬರೆದಿದ್ದನ್ನ ಓದಿಕೊಂಡು ಸುಮ್ಮನಿದ್ದೆ. ಇವತ್ತು ಕೇಳಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ಪುಟ್ಟನಿಗೆ ಏಳು ತುಂಬಿ ಎಂಟು ನಡೀತಿದೆ. ಆಟಿಸಂ. ಮೂರು ವರ್ಷ ಆದ್ರೂ ಮಾತು ಬರಲಿಲ್ಲ ಅಂತ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಆಯಿಷ್‌ಗೆ ಕರ್ಕೊಂಡು ಹೋದಾಗ ಗೊತ್ತಾಯ್ತು. ಆಮೇಲೆ ಎರಡು ವರ್ಷ ವಾರಕ್ಕೆರಡು ಸಲ ರೈಲಲ್ಲೇ ಓಡಾಟ. ಅವನ ಬಾಯಿಂದ ಮೊದಲು ಬಂದಿದ್ದು ಸ್ಟೇಷನ್ ಹೆಸರು. ಮಂದಗೆರೆ, ಅಕ್ಕಿಹೆಬ್ಬಾಳು, ಕೃಷ್ಣರಾಜನಗರ, ಸಾಗರಕಟ್ಟೆ, ಬೆಳಗೊಳ, ಮೈಸೂರು. ಇದೇ ಸಾಲು, ಇದೇ ರಾಗ. 'ಅಮ್ಮ' ಅಂದಿದ್ದು ಅದಾಗಿ ಎಂಟು ತಿಂಗಳಿಗೆ. ಈಗ ಎರಡು ಮೂರು ಪದ ಜೋಡಿಸಿ ತನಗೆ ಬೇಕಾದ್ದು ಕೇಳ್ತಾನೆ.

ಹೋದ ವರ್ಷ ಯಜಮಾನರ ಚಿಕ್ಕಪ್ಪನ ಮಗಳ ಮದುವೆ ಇತ್ತು. ಛತ್ರದಲ್ಲಿ ಮೊದಲ ಒಂದು ಗಂಟೆ ಚೆನ್ನಾಗೇ ಇದ್ದ. ಕೆಳಗೆ ಬಿದ್ದ ಸೇವಂತಿಗೆ ಎಸಳು ಆರಿಸಿ ಕುರ್ಚಿ ಮೇಲೆ ಸಾಲಾಗಿ ಜೋಡಿಸ್ತಾ ಕೂತಿದ್ದ. ಮುಹೂರ್ತದ ಹೊತ್ತಿಗೆ ಪುರೋಹಿತರು 'ಗಟ್ಟಿಮೇಳ' ಅಂದಿದ್ದೇ ತಡ, ಡೋಲು, ನಾಗಸ್ವರ ಎರಡೂ ಒಟ್ಟಿಗೆ ಎದ್ದವು. ಪುಟ್ಟ ಕಿವಿ ಮುಚ್ಚಿಕೊಂಡು ಕಿರುಚಿದ. ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಳ್ಳೋಕೆ ಶುರು ಮಾಡಿದ. ಕೈಯಲ್ಲಿ ಅಕ್ಷತೆ ಹಿಡಿದು ನಿಂತವರೆಲ್ಲ ಮಂಟಪ ಬಿಟ್ಟು ನಮ್ಮ ಕಡೆ ತಿರುಗಿದ್ರು. ಎತ್ತಿಕೊಂಡು ಹೊರಗೆ ಓಡುವಾಗ ಹತ್ತಿರದವರೇ ಒಬ್ಬರು, "ಯಾರ ಹತ್ರನಾದ್ರೂ ಬಿಟ್ಟು ಬರಬಾರದಿತ್ತೇನಮ್ಮ, ಶುಭಕಾರ್ಯಕ್ಕೆ?" ಅಂದ್ರು. ಪುಟ್ಟ ಹತ್ತು ನಿಮಿಷಕ್ಕೆ ಸಮಾಧಾನ ಆದ. ನನಗೆ ಇವತ್ತಿನವರೆಗೂ ಆಗಿಲ್ಲ.

ಅವತ್ತಿಂದ ಹಬ್ಬ, ಸಮಾರಂಭ ಅಂತ ಅವನನ್ನ ಎಲ್ಲಿಗೂ ಕರ್ಕೊಂಡು ಹೋಗಿಲ್ಲ. ಗೌರಿ ಹಬ್ಬಕ್ಕೆ ತವರಿಗೂ ಒಬ್ಬಳೇ ಹೋಗಿ ಸಂಜೆಗೆ ವಾಪಸ್ ಬಂದೆ. ಈಗ ಊರ ತೇರು ಹತ್ತಿರ ಬರ್ತಿದೆ. ಮನೆಯಿಂದ ತೇರು ಬೀದಿಗೆ ಐದು ನಿಮಿಷದ ನಡಿಗೆ. ಅವನಿಗೆ ಗಾಲಿ ಅಂದ್ರೆ ಪ್ರಾಣ, ಸ್ಲೇಟು ತುಂಬ ಗಾಲಿಯೇ ಬರೀತಾನೆ. ಅತ್ತೆ "ಮಗು ತೇರು ನೋಡಲಿ, ಕರ್ಕೊಂಡು ಬಾ" ಅಂತಾರೆ. ಯಜಮಾನರು ಬೇಡವೇ ಬೇಡ ಅಂತಾರೆ. ತಮಟೆ, ಪಟಾಕಿ, ಮೈಕು, ಆ ಜನ. ನಿಮ್ಮ ಮನೆಗಳಲ್ಲಿ ಏನು ಮಾಡ್ತೀರಿ?

ಧಾರವಾಡದ ಅಪ್ಪ

ಅಕ್ಕಾರ, ಕರಕೊಂಡು ಹೋಗ್ರಿ. ನಮ್ಮ ಮಗಳಿಗೆ ಡೌನ್ ಸಿಂಡ್ರೋಮ್ ಅದ, ಈಗ ಹದಿನಾಲ್ಕು. ಹುಟ್ಟಿದಾಗ ಹೃದಯದಾಗ ತೂತಿತ್ತು. ಇಂಥಾ ಮಕ್ಕಳೊಳಗ ಹೆಚ್ಚುಕಡಿಮಿ ಅರ್ಧ ಮಂದಿಗೆ ಹೃದಯದ ತೊಂದರಿ ಇರ್ತದಂತ ಡಾಕ್ಟರ್ ಹೇಳಿದ್ರು. ಆಪರೇಶನ್ ಆತು, ಆರಾಮಾದ್ಲು. ಆದ್ರ ಆಮ್ಯಾಲ ಮೂರು ವರ್ಷ ನಾವು ಆಕಿನ್ನ ಹೊರಗ ತೋರಿಸಲೇ ಇಲ್ರಿ. ದೃಷ್ಟಿ ಆಗ್ತದ ಅಂತ ಮಂದಿ ಮುಂದ ಹೇಳತಿದ್ವಿ. ಖರೇ ಅಂದ್ರ ನಮಗ ನಾಚಿಕಿ ಇತ್ತು. ಇದನ್ನ ಬರೀಲಿಕ್ಕೂ ಈಗ ಸಂಕಟ ಆಗ್ತದ.

ಒಂದು ದಸರಾಕ್ಕ ನಮ್ಮವ್ವ ಹಟಾ ಮಾಡಿ ಬನ್ನಿ ಕೊಡಲಿಕ್ಕೆ ಓಣ್ಯಾಗ ಕರಕೊಂಡು ಹೋದ್ಲು. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅಂತ ಪೂರ್ತಿ ಅನ್ನಲಿಕ್ಕೆ ಹುಡುಗಿಗೆ ಬರ್ತಿರಲಿಲ್ಲ. 'ಬಂಗಾಯ' ಅಷ್ಟ ಅಂತಿದ್ಲು. ಎಲಿ ಕೈಯಾಗ ಇಡೋದು, 'ಬಂಗಾಯ' ಅನ್ನೋದು, ಕಾಲು ಮುಟ್ಟಿ ನಮಸ್ಕಾರ ಮಾಡೋದು. ಆ ವರ್ಷ ಆರು ಮನಿ. ಮುಂದಿನ ವರ್ಷ ಇಡೀ ಓಣಿ. ಹ್ವಾದ ದಸರಾಕ್ಕ ಜ್ವರ ಬಂದು ಮಲಗಿದ್ಲು. ರಾತ್ರಿ ಎಂಟಕ್ಕ ಮೂಲಿಮನಿ ಅಜ್ಜ, ಎಂಬತ್ತು ದಾಟ್ಯಾವ ಅವಗ, ಕೋಲು ಊರಕೋತ ತಾನ ಬಂದ. "ನನ್ನ ಬಂಗಾಯ ಯಾಕ ಬರಲಿಲ್ಲೋ?" ಅಂದ. ಆಕಿ ಹಾಸಿಗ್ಯಾಗ ಎದ್ದು ಕೂತು ಅಜ್ಜನ ಕೈಯಾಗ ಎಲಿ ಇಟ್ಲು.

ಊರೆಲ್ಲಾ ಒಮ್ಮೆಲೆ ಒಪ್ಪಲಿ ಅಂತ ಕಾಯಬ್ಯಾಡ್ರಿ ಅಕ್ಕಾರ. ಒಂದು ಮನಿ ಸಾಕು, ಅಲ್ಲಿಂದ ಶುರು ಮಾಡ್ರಿ.

ಹದಿನಾರರ ಹುಡುಗನ ತಾಯಿ (ಬೆಂಗಳೂರು)

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತೇರಿಗೆ ಹೋಗೋದು ಯಾರಿಗೋಸ್ಕರ? ಪುಟ್ಟನಿಗಾ, ಮದುವೆಯಲ್ಲಿ ಮಾತಾಡಿದ ಆ ಹೆಂಗಸಿಗಾ?

ಕೇಳೋಕೆ ಕಾರಣ ಇದೆ. ನನ್ನ ಮಗನಿಗೂ ಆಟಿಸಂ. ಐದರಿಂದ ಹತ್ತು ವರ್ಷದವರೆಗೆ ಒಂದು ಗೃಹಪ್ರವೇಶ ಬಿಡಲಿಲ್ಲ, ಒಂದು ನಾಮಕರಣ ಬಿಡಲಿಲ್ಲ. ಅಭ್ಯಾಸ ಆಗಲಿ, ಜನಕ್ಕೂ ಗೊತ್ತಾಗಲಿ ಅಂತ. ಅವನು ಕಿರುಚ್ತಿರಲಿಲ್ಲ. ಸುಮ್ಮನೆ ಕೂತು ಬಲಗೈ ಹೆಬ್ಬೆರಳಿನ ಬುಡ ಕಚ್ಚಿಕೊಳ್ತಿದ್ದ. "ಎಷ್ಟು ಚೆನ್ನಾಗಿ ಕೂತಿದ್ದಾನೆ ನೋಡು" ಅಂತ ಎಲ್ಲರೂ ಹೊಗಳ್ತಿದ್ರು, ನಾನೂ ಹಿಗ್ಗಿದೆ. ಆ ಜಾಗ ಇವತ್ತಿಗೂ ದಡ್ಡುಗಟ್ಟಿದೆ. ಅವನ ಪಾಲಿಗೆ ಆ ಐದು ವರ್ಷ ಏನಾಗಿತ್ತು ಅಂತ ಆ ಕೈ ಹಿಡಿದಾಗಲೆಲ್ಲ ಅನ್ನಿಸುತ್ತೆ.

ಆಮೇಲೆ ಸಭೆ ಸಮಾರಂಭ ಬಿಟ್ಟು ಪಾರ್ಕ್ ಹಿಡಿದ್ವಿ. ಕೋಲ್ಸ್ ಪಾರ್ಕ್‌ನಲ್ಲಿ ಕಿಲಿಕಿಲಿ ಸಂಸ್ಥೆಯವರು ಪಾಲಿಕೆ ಜೊತೆ ಸೇರಿ, ಗಾಲಿಕುರ್ಚಿಯ ಮಗುವೂ ಓಡಾಡೋ ಮಗುವೂ ಒಟ್ಟಿಗೆ ಆಡೋ ಹಾಗೆ ಆಟದ ಜಾಗ ಮಾಡಿದ್ದಾರೆ. ಅಲ್ಲಿ ಇವನು ಉಯ್ಯಾಲೆ ತೂಗಿಕೊಂಡು 'ಊ' ಅಂತ ಸದ್ದು ಮಾಡಿದ್ರೆ ಪಕ್ಕದ ಮಗುವೂ 'ಊ' ಅನ್ನುತ್ತೆ. ಮುಗೀತು. ಯಾರೂ ಯಾರಿಗೂ ವಿವರಣೆ ಕೊಡಬೇಕಿಲ್ಲ. ಮೊದಲು ಅಂಥ ಜಾಗ ಹುಡುಕಿ ಅನ್ನೋದು ನನ್ನ ಅಭಿಪ್ರಾಯ.

ಧಾರವಾಡದ ಅಪ್ಪ

ನಿಮ್ಮ ಮಾತು ಒಪ್ಪತೀನ್ರಿ ಅಕ್ಕಾರ. ಆದ್ರ ಹೊಳೆನರಸೀಪುರದಾಗ ಅಂಥಾ ಪಾರ್ಕ್ ಎಲ್ಲಿಂದ ತರೋದು? ಸಣ್ಣ ಊರಿನ ಮಂದಿಗೆ ಇರೋದು ತೇರು, ಸಂತಿ, ಗುಡಿ ಕಟ್ಟಿ ಇಷ್ಟ. ಅದನ್ನೂ ಬಿಟ್ಟರ ನಾಕು ಗ್ವಾಡಿ ಉಳೀತಾವ.

ಪುಟ್ಟನ ಅಮ್ಮ (ಹೊಳೆನರಸೀಪುರ)

ಬೆಂಗಳೂರಿನ ಅಕ್ಕ, ನಿಮ್ಮ ಪ್ರಶ್ನೆಗೆ ಒಂದು ದಿನ ಉತ್ತರ ಕೊಡೋಕಾಗಲಿಲ್ಲ. ನಿಜ, ನನ್ನ ಮನಸ್ಸಲ್ಲಿ ಆ ಹೆಂಗಸಿನ ಮುಂದೆ ಪುಟ್ಟನ ಕೈ ಹಿಡಿದು ನಡೀಬೇಕು ಅನ್ನೋ ಛಲ ಇದೆ. ಅದು ಪುಟ್ಟನ ಆಸೆ ಅಲ್ಲ. ಆದ್ರೆ ನಿನ್ನೆ ಗುಡಿ ಕಡೆಯಿಂದ ತರಕಾರಿ ತರ್ತಿರುವಾಗ ತೇರಿನ ಮೇಲಿನ ತಗಡಿನ ಮರೆ ತೆಗೀತಿದ್ರು. ಪುಟ್ಟ ನನ್ನ ಕೈ ಬಿಡಿಸಿಕೊಂಡು ನಿಂತುಬಿಟ್ಟ. "ದೊಡ್ಡ ಗಾಲಿ" ಅಂದ. ಮನೆಗೆ ಬರೋವರೆಗೂ ಅದನ್ನೇ ಹೇಳ್ತಾ ಬಂದ. ಇದು ಅವನದೇ ಆಸೆ ಅಲ್ವಾ?

ಸಂಪನ್ಮೂಲ ಶಿಕ್ಷಕಿ (ತಿಪಟೂರು)

ಅಮ್ಮ, ಉತ್ತರ ಪುಟ್ಟನೇ ಕೊಟ್ಟಿದ್ದಾನೆ. ಅವನಿಗೆ ಬೇಕಿರೋದು ಗಾಲಿ. ಜನ, ತಮಟೆ, ಪಟಾಕಿ ಅವನು ಕೇಳಿಲ್ಲ. ಹಾಗಾಗಿ ತೇರು ಎಳೆಯೋ ಹಿಂದಿನ ದಿನ ಸಂಜೆ ಹೋಗಿ. ಅಲಂಕಾರ ನಡೀತಿರುತ್ತೆ, ಗದ್ದಲ ಇರಲ್ಲ.

ಹೋಗೋ ಮುಂಚೆ ಫೋನಲ್ಲಿ ದಾರಿಯ ಫೋಟೋ ತೆಗೆದು ತೋರಿಸಿ. ನಮ್ಮ ಮನೆ ಬಾಗಿಲು, ತಿರುವು, ತೇರು, ಮತ್ತೆ ನಮ್ಮ ಮನೆ ಬಾಗಿಲು. ಕೊನೆಯ ಫೋಟೋ ಮರೀಬೇಡಿ. ವಾಪಸ್ ಬರ್ತೀವಿ ಅನ್ನೋದು ಕಣ್ಣಿಗೆ ಕಂಡ್ರೆ ಅರ್ಧ ಭಯ ಇಳಿಯುತ್ತೆ. ಹಸಿದ ಹೊಟ್ಟೆಯಲ್ಲಿ ಕರ್ಕೊಂಡು ಹೋಗಬೇಡಿ. ಕಿವಿಗೆ ಹಾಕೋ ಮಫ್, ಕಲ್ಲು ಕೊರೆಯೋರು ಹಾಕ್ಕೊಳ್ತಾರಲ್ಲ ಅದೇ, ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿ. ಒಂದು ವಾರ ಮನೆಯಲ್ಲೇ, ಮಿಕ್ಸಿ ಹಾಕುವಾಗ ಹಾಕಿಸಿ ರೂಢಿ ಮಾಡಿ. ತೇರಿನ ಬೀದಿಯಲ್ಲಿ ಮೊದಲ ಸಲ ಹಾಕಿದ್ರೆ ಕಿತ್ತು ಬಿಸಾಡ್ತಾನೆ.

ಇನ್ನೊಂದು. ಪುಟ್ಟ ಯಾವ ಶಾಲೆಗೆ ಹೋಗ್ತಿದ್ದಾನೆ? ನೀವು ಎಲ್ಲೂ ಬರೆದಿಲ್ಲ.

ಪುಟ್ಟನ ಅಮ್ಮ (ಹೊಳೆನರಸೀಪುರ)

ಮೇಡಂ, ಈಗ ಮನೆಯಲ್ಲೇ ಇದ್ದಾನೆ. ಎಲ್‌ಕೆಜಿಗೆ ಒಂದು ಖಾಸಗಿ ಶಾಲೆಗೆ ಸೇರಿಸಿದ್ವಿ. ಮೂರು ತಿಂಗಳಿಗೆ ಕರೆಸಿ, "ನಮ್ಮಲ್ಲಿ ಇಂಥ ಮಕ್ಕಳಿಗೆ ಸೌಲಭ್ಯ ಇಲ್ಲ, ಬೇರೆ ಪೋಷಕರು ದೂರು ಹೇಳ್ತಿದ್ದಾರೆ" ಅಂದ್ರು. ಫೀಸಲ್ಲಿ ಅರ್ಧ ವಾಪಸ್ ಕೊಟ್ರು. ಬ್ಯಾಗಿನಲ್ಲಿ ಅವನ ಊಟದ ಡಬ್ಬಿ ಹಾಗೇ ಇತ್ತು, ತೆಗೆದು ನೋಡಿದ್ರೆ ಚಿತ್ರಾನ್ನ ಮುಟ್ಟಿರಲಿಲ್ಲ. ಎಷ್ಟು ದಿನದಿಂದ ಊಟ ಮಾಡ್ತಿರಲಿಲ್ಲವೋ, ಯಾರೂ ಹೇಳಲಿಲ್ಲ. ಮತ್ತೆ ಶಾಲೆಯ ಮೆಟ್ಟಿಲು ಹತ್ತೋಕೆ ಧೈರ್ಯ ಬರಲಿಲ್ಲ.

ಸಂಪನ್ಮೂಲ ಶಿಕ್ಷಕಿ (ತಿಪಟೂರು)

ಡಬ್ಬಿಯ ವಿಷಯ ಓದಿ ನನ್ನ ಕೈ ಕೆಲಸವೇ ನಿಂತುಹೋಯ್ತು.

ನಾನು ಬಿಐಇಆರ್‌ಟಿ, ಅಂದ್ರೆ ಒಂದು ಬ್ಲಾಕಿನ ಶಾಲೆಗಳಲ್ಲಿ ಇಂಥ ಮಕ್ಕಳ ಕಲಿಕೆ ನೋಡಿಕೊಳ್ಳೋ ಶಿಕ್ಷಕಿ. ನಿಮ್ಮ ತಾಲ್ಲೂಕಿನಲ್ಲಿ ಈ ಕೆಲಸ ಯಾರು ನೋಡ್ತಾರೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 1995ರ ಹಳೆಯ ಕಾಯ್ದೆಯ ಏಳು ವಿಧದ ಜಾಗದಲ್ಲಿ 21 ವಿಧದ ವೈಕಲ್ಯ ಪಟ್ಟಿ ಮಾಡಿದೆ, ಆಟಿಸಂ ಅದರಲ್ಲಿದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರೋ ಶಾಲೆಗಳು ಭೇದ ಮಾಡದೆ ಮಕ್ಕಳನ್ನ ಸೇರಿಸಿಕೊಳ್ಳಬೇಕು. 31ನೇ ಸೆಕ್ಷನ್ ಪ್ರಕಾರ ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರೋ 6ರಿಂದ 18 ವರ್ಷದ ಮಗುವಿಗೆ ಮನೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಹಕ್ಕು. ಎರಡರಲ್ಲಿ ಯಾವುದು ಅನ್ನೋ ಆಯ್ಕೆ ನಿಮ್ಮ ಕೈಯಲ್ಲಿದೆ.

ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿದ್ದೀರಾ? ಆಟಿಸಂ ಪ್ರಮಾಣಪತ್ರಕ್ಕೆ ಐಎಸ್‌ಎಎ ಅನ್ನೋ ಅಳತೆ ಬಳಸ್ತಾರೆ. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದ್ರೆ ಆಟಿಸಂ ಅಲ್ಲ ಅಂತ, 153 ದಾಟಿದ್ರೆ ತೀವ್ರ ಅಂತ. ಇಲ್ಲಿ ತಾಯಂದಿರು ಒಂದು ತಪ್ಪು ಮಾಡೋದು ನೋಡಿದ್ದೀನಿ. ಡಾಕ್ಟರ್ ಕೇಳಿದಾಗ ಮಗನ ಒಳ್ಳೆಯ ದಿನದ ಕಥೆ ಹೇಳಿಬಿಡ್ತಾರೆ, ಬಿಟ್ಟುಕೊಡೋಕೆ ಮನಸ್ಸು ಬರಲ್ಲ. ದಯವಿಟ್ಟು ಕಷ್ಟದ ದಿನದ ಬಗ್ಗೆಯೂ ಹೇಳಿ. ಛತ್ರದಲ್ಲಿ ಆಗಿದ್ದನ್ನ ಹೇಳಿ.

ತುಮಕೂರಿನ ತಂದೆ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಮಗನಿಗೆ ನಾಲ್ಕು. ಸ್ಟೆಮ್ ಸೆಲ್ ಹಾಕಿಸಿದ್ರೆ ಆಟಿಸಂ ವಾಸಿ ಆಗುತ್ತೆ ಅಂತ ಒಂದು ಕಡೆ ಹೇಳಿದ್ರು, ಲಕ್ಷಗಟ್ಟಲೆ ಕೇಳ್ತಿದ್ದಾರೆ. ಸೈಟು ಮಾರೋಣ ಅಂತಿದ್ದೀನಿ. ಯಾರಾದ್ರೂ ಮಾಡಿಸಿದ್ದೀರಾ?

ಸಂಪನ್ಮೂಲ ಶಿಕ್ಷಕಿ (ತಿಪಟೂರು)

ಸರ್, ಸೈಟು ಮಾರಬೇಡಿ. ಆಟಿಸಂಗೆ ಅದು ಮಾನ್ಯ ಚಿಕಿತ್ಸೆ ಅಲ್ಲ, ವಾಸಿ ಮಾಡುತ್ತೆ ಅನ್ನೋಕೆ ಆಧಾರ ಇಲ್ಲ. ನಿಮ್ಹಾನ್ಸ್‌ನಲ್ಲೋ ಆಯಿಷ್‌ನಲ್ಲೋ ಒಂದು ಸಲ ತೋರಿಸಿ, ಆಮೇಲೆ ಯೋಚನೆ ಮಾಡಿ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಇದೆಯಾ ಅಂತಲೂ ಕೇಳಿ. ಸಣ್ಣ ಮಕ್ಕಳ ಬೆಳವಣಿಗೆಯ ತೊಂದರೆ ನೋಡೋಕೆ ಅಂತಲೇ ಇರೋ ಕೇಂದ್ರ ಅದು, ದುಡ್ಡು ಕೊಡಬೇಕಿಲ್ಲ.

ಗಾಲಿಕುರ್ಚಿಯಿಂದ (ಶಿವಮೊಗ್ಗ)

ಇಲ್ಲಿ ಎಲ್ಲರೂ ತಂದೆ ತಾಯಿ. ನಾನು ಆ 'ಮಗು'. ಈಗ 27, ಸೆರೆಬ್ರಲ್ ಪಾಲ್ಸಿ, ಅಂದ್ರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗಲ್ಲ. ಮಾತು ಸ್ವಲ್ಪ ಎಳೀತೀನಿ, ಆದ್ರೆ ಬರೆಯೋಕೆ ತೊಂದರೆ ಇಲ್ಲ. ಬಿಕಾಂ ಮುಗಿಸಿ ಒಬ್ಬರು ಆಡಿಟರ್ ಹತ್ರ ಕೆಲಸ ಮಾಡ್ತೀನಿ.

ನನ್ನ ಅನುಭವದ ಒಂದು ಮಾತು. ಹೋಟೆಲಿಗೆ ಹೋದ್ರೆ ಸಪ್ಲೈಯರ್ ನನ್ನ ಮುಂದೆಯೇ ಅಮ್ಮನನ್ನ ಕೇಳ್ತಾನೆ, "ಇವರಿಗೆ ಏನು ಕೊಡಲಿ?" ಅಂತ. ಅಮ್ಮ ಮೊದಲೆಲ್ಲ "ಇಡ್ಲಿ" ಅಂದುಬಿಡ್ತಿದ್ಲು, ನನಗೆ ಸುಲಭ ಅಂತ. ಹನ್ನೆರಡು ವರ್ಷದವನಿದ್ದಾಗ ಒಂದು ದಿನ ಜೋರಾಗಿ ಅತ್ತೆ. ನನಗೆ ಮಸಾಲೆ ದೋಸೆ ಬೇಕಿತ್ತು. ಅವತ್ತಿಂದ ಅಮ್ಮ, "ಅವನನ್ನೇ ಕೇಳಿ" ಅಂತ ಹೇಳಿ ಸುಮ್ಮನಾಗ್ತಾಳೆ. ನಾನು ಹೇಳಿ ಮುಗಿಸೋಕೆ ಒಂದು ನಿಮಿಷ ಬೇಕು. ಸಪ್ಲೈಯರ್ ಕಾಯ್ತಾನೆ. ಅದೇ ಹೋಟೆಲಲ್ಲಿ ಈಗ ನಾನು ಹೋದ ತಕ್ಷಣ ಒಂದು ಕುರ್ಚಿ ಪಕ್ಕಕ್ಕೆ ಸರಿಸಿ ಜಾಗ ಮಾಡ್ತಾರೆ, ಯಾರೂ ಹೇಳಬೇಕಿಲ್ಲ.

'ದೇವರ ಮಕ್ಕಳು', 'ಅಯ್ಯೋ ಪಾಪ' ಇವೆರಡೂ ನನಗೆ ಒಂದೇ ಥರ ಕೇಳಿಸುತ್ತೆ. ಎರಡರಲ್ಲೂ ನಾನು ಇರಲ್ಲ. ಪುಟ್ಟನ ಅಮ್ಮ, ಅವನ ಪರವಾಗಿ ಜನರ ಹತ್ರ ಮಾತಾಡಿ, ಬೇಕು. ಆದ್ರೆ ಯಾರಾದ್ರೂ ಏನಾದ್ರೂ ಕೇಳಿದ್ರೆ ಮೊದಲು ಅವನ ಕಡೆ ತಿರುಗಿ, ಒಂದು ನಿಮಿಷ ಕಾಯಿರಿ. ಉತ್ತರ ಬರದೇ ಇದ್ರೂ ಪರವಾಗಿಲ್ಲ. ಅವನನ್ನ ಕೇಳಬೇಕು ಅಂತ ಎದುರಿಗಿದ್ದವರಿಗೆ ತಿಳಿಯುತ್ತೆ.

ದೂರದ ಅಮ್ಮ (ನ್ಯೂಜೆರ್ಸಿ)

ಶಿವಮೊಗ್ಗದ ತಮ್ಮನ ಮಾತು ಎರಡು ಸಲ ಓದಿದೆ.

ಇಲ್ಲಿ ಶಾಲೆಯ ವಿಷಯಕ್ಕೆ ಅಷ್ಟು ಹೋರಾಟ ಇಲ್ಲ. 1975ರಿಂದಲೇ ಕಾನೂನಿದೆ, ಇಂಥ ಪ್ರತಿ ಮಗುವಿಗೂ ಬೇರೆ ಬೇರೆ ಕಲಿಕೆಯ ಯೋಜನೆ ಬರೆದು ನಮ್ಮನ್ನ ಕೂರಿಸಿ ಚರ್ಚೆ ಮಾಡ್ತಾರೆ. ಆದ್ರೆ ನಮ್ಮ ಮಗಳಿಗೆ ಆಟಿಸಂ ಅಂತ ಗೊತ್ತಾದಾಗ ಒಬ್ಬ ಥೆರಪಿಸ್ಟ್, "ಎರಡು ಭಾಷೆ ಬೇಡ, ಮನೆಯಲ್ಲೂ ಇಂಗ್ಲಿಷ್ ಮಾತ್ರ ಮಾತಾಡಿ" ಅಂದ್ರು. ನಾವು ನಂಬಿದ್ವಿ. ನಾಲ್ಕು ವರ್ಷ ಮನೆಯಲ್ಲಿ ಕನ್ನಡ ನಿಲ್ಲಿಸಿದ್ವಿ. ನನ್ನ ಅಮ್ಮ ಹಾಸನದಿಂದ ಆರು ತಿಂಗಳಿಗೆ ಬಂದವಳು ಮೊಮ್ಮಗಳ ಹತ್ರ ಮಾತಾಡೋಕೆ ಹೆದರ್ತಿದ್ಲು, ನಾನು ಬೈತೀನಿ ಅಂತ. ಮಗು ಮಲಗಿದ ಮೇಲೆ ಬಾಗಿಲ ಹತ್ರ ನಿಂತು 'ಚಿನ್ನ, ಬಂಗಾರ' ಅಂತ ಮೆಲ್ಲಗೆ ಅಂದುಕೊಳ್ತಿದ್ಲು.

ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತಿಗೆ ಹಾನಿ ಆಗಲ್ಲ ಅಂತ ಅಧ್ಯಯನಗಳು ಹೇಳ್ತವೆ ಅನ್ನೋದು ಆಮೇಲೆ ಬೇರೆ ಥೆರಪಿಸ್ಟ್ ತಿಳಿಸಿದ್ರು. ಮತ್ತೆ ಕನ್ನಡ ಶುರು ಮಾಡಿದ್ವಿ. ಈಗ ಮಗಳು ಹಸಿವಾದ್ರೆ ಇಂಗ್ಲಿಷ್‌ನಲ್ಲಿ ಕೇಳ್ತಾಳೆ, ನಿದ್ದೆ ಬಂದ್ರೆ 'ಅಜ್ಜಿ, ಜೋಜೋ' ಅಂತಾಳೆ. ಅದನ್ನ ಫೋನಲ್ಲಿ ಕೇಳೋ ಹೊತ್ತಿಗೆ ಅಮ್ಮನಿಗೆ ಕಿವಿ ಮಂದವಾಗಿದೆ. ಊರಲ್ಲೂ ಇದೇ ಸಲಹೆ ಕೊಡೋರಿದ್ದಾರೆ ಅಂತ ಕೇಳಿದ್ದೀನಿ. ದಯವಿಟ್ಟು ಮನೆಮಾತು ಬಿಡಬೇಡಿ. ಪುಟ್ಟನ ಅಕ್ಕಿಹೆಬ್ಬಾಳು, ಸಾಗರಕಟ್ಟೆ ಓದಿ ನನ್ನ ಕಣ್ಣು ತುಂಬಿ ಬಂತು. ಅದು ನಮ್ಮೂರಿನ ರೈಲು ದಾರಿ.

ಅಣ್ಣನ ತಂಗಿ (ಉಡುಪಿ)

ನನ್ನ ಅಣ್ಣನಿಗೆ 41, ಬೌದ್ಧಿಕ ವೈಕಲ್ಯ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಮಕ್ಕಳು ಸಣ್ಣವರಿರುವಾಗ ನೀವು ಯಾರೂ ಯೋಚನೆ ಮಾಡದ ಒಂದು ವಿಷಯ ಹೇಳುತ್ತೇನೆ. 18 ತುಂಬಿದ ಮೇಲೆ ಕಾನೂನಿನ ಕಣ್ಣಲ್ಲಿ ತಂದೆ ತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಅಪ್ಪ ಇರುವಾಗ ಮಾಡಿಸಿರಲಿಲ್ಲ, ಆಮೇಲೆ ಬ್ಯಾಂಕಿನಲ್ಲಿ ಒಂದು ಸಹಿಗೆ ನಾನು ಪಟ್ಟ ಪಾಡು ಬೇಡ. ಅದೇ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ನಾಲ್ಕಕ್ಕೂ ಸಿಗುತ್ತದೆ, ಥೆರಪಿ ಖರ್ಚಿಗೂ ಒಂದಿಷ್ಟು ಬರುತ್ತದೆ. ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಅವಲಂಬಿತ ವಿಕಲಚೇತನರ ಖರ್ಚಿಗೆಂದು ಆದಾಯದಲ್ಲಿ 75,000, ವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಳೆಯಬಹುದು.

ಅಪ್ಪ ಹೋದ ಮೇಲೆ ಅಣ್ಣ ಒಂದು ತಿಂಗಳು ಪೇಟೆಯ ಪೇಪರ್ ಅಂಗಡಿಗೆ ಎರಡು ಪೇಪರ್ ತರಲು ಹೋಗುತ್ತಿದ್ದ, ತನಗೊಂದು, ಅಪ್ಪನಿಗೊಂದು. ಅಂಗಡಿಯವರು ಎರಡನೆಯದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ನನಗೂ ಹೇಳಲಿಲ್ಲ. ತಿಂಗಳ ಲೆಕ್ಕ ಕೊಡಲು ಹೋದಾಗಲೇ ಗೊತ್ತಾದದ್ದು.

ಪುಟ್ಟನ ಅಮ್ಮ (ಹೊಳೆನರಸೀಪುರ)

ಎಲ್ಲರಿಗೂ ಮೂರು ವಾರದ ಮೇಲೆ ಬರೀತಿದ್ದೀನಿ. ತೇರು ಆಯ್ತು.

ಧಾರವಾಡದ ಅಣ್ಣ ಹೇಳಿದ ಹಾಗೆ ಒಂದು ಮನೆ ಹಿಡಿದೆ. ತೇರು ಬೀದಿಯಲ್ಲಿ ನನ್ನ ರವಿಕೆ ಹೊಲಿಯೋ ಅಕ್ಕ ಇದ್ದಾರೆ, ಮಹಡಿ ಮೇಲೆ ಅವರ ಅಂಗಡಿ. ಪುಟ್ಟ ಹೀಗೆ ಅಂತ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಹೇಳೋವಾಗ ಗಂಟಲು ಕಟ್ಟಿತು. ಅವರು ಮೆಷಿನ್ ನಿಲ್ಲಿಸಿ, "ಇಷ್ಟು ವರ್ಷದಿಂದ ಬರ್ತೀಯ, ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂದ್ರು.

ಹಿಂದಿನ ಸಂಜೆ ಮೇಡಂ ಹೇಳಿದ ಹಾಗೆ ಫೋಟೋ ತೋರಿಸಿ ಕರ್ಕೊಂಡು ಹೋದ್ವಿ, ಯಜಮಾನರೂ ಬಂದ್ರು. ಗಾಲಿಯ ಹತ್ರ ಕೆಲಸ ಮಾಡ್ತಿದ್ದ ಹಿರಿಯರು, "ಏನು ಬೇಕಪ್ಪಾ?" ಅಂದ್ರು. ನಾನು ಬಾಯಿ ತೆರೆದವಳು ಶಿವಮೊಗ್ಗದ ತಮ್ಮನ ಮಾತು ನೆನಪಾಗಿ ಮುಚ್ಚಿಕೊಂಡೆ. ಎಷ್ಟು ಹೊತ್ತಾಯ್ತೋ. "ದೊಡ್ಡ ಗಾಲಿ. ಮುಟ್ಟು" ಅಂದ ಪುಟ್ಟ. ಅವರು ಕೈಯ ಎಣ್ಣೆ ಒರೆಸಿಕೊಂಡು ಅವನ ಅಂಗೈ ಹಿಡಿದು ಗಾಲಿಯ ಮೇಲೆ ಇಟ್ರು. ಪುಟ್ಟ ಕೆನ್ನೆಯನ್ನೂ ಇಟ್ಟ.

ಮರುದಿನ ಅಂಗಡಿಯ ಮಹಡಿಯಿಂದ ನೋಡೋಣ ಅಂತ ಮಫ್ ಹಾಕಿಸಿ ಕೂರಿಸಿದ್ವಿ. ಮೊದಲ ಪಟಾಕಿಗೇ ಅತ್ತ. ಅಕ್ಕ ಒಳಗೆ ಬಟ್ಟೆ ಅಳತೆ ನೋಡೋ ಪರದೆ ಹಿಂದೆ ಕೂರಿಸಿ ಗುಂಡಿಯ ಡಬ್ಬಿ ಕೊಟ್ರು. ಇಡೀ ಊರು ಹಣ್ಣು ಜವನ ಎಸೀತಿರುವಾಗ ಅವನು ಬಿಳಿ ಗುಂಡಿ ಒಂದು ಸಾಲು, ಕಪ್ಪು ಗುಂಡಿ ಒಂದು ಸಾಲು ಜೋಡಿಸ್ತಿದ್ದ. ತೇರು ಮುಂದೆ ಹೋದದ್ದನ್ನ ನೋಡಲೇ ಇಲ್ಲ. ಬೆಂಗಳೂರಿನ ಅಕ್ಕ, ನೀವು ಹೇಳಿದ್ದು ನೆನಪಾಗಿ ಎಳೆದು ತೋರಿಸೋಕೆ ಹೋಗಲಿಲ್ಲ. ಅವನ ಪಕ್ಕ ನಾನೂ ಕೂತೆ.

ಗದ್ದಲ ದೂರ ಹೋದ ಮೇಲೆ ಕೆಳಗೆ ಇಳಿದ್ವಿ. ರಸ್ತೆ ಮೇಲೆ ಗಾಲಿ ಹೋದ ಗುರುತು ಬಿದ್ದಿತ್ತು, ನಜ್ಜುಗುಜ್ಜಾದ ಬಾಳೆಹಣ್ಣು, ಜವನದ ಎಲೆ. ಪುಟ್ಟ ಆ ಗುರುತಿನ ಮೇಲೇ ಹೆಜ್ಜೆ ಇಟ್ಟುಕೊಂಡು ಬೀದಿ ಕೊನೆಯವರೆಗೆ ನಡೆದ. "ತೇರು ಹೋಯ್ತು. ಬೆಳಗೊಳ, ಮೈಸೂರು" ಅಂದ.

ಈಗ ದಿನಾ ಸಂಜೆ ನಾಲ್ಕಕ್ಕೆ ಗುಂಡಿ ಜೋಡಿಸೋಕೆ ಅಂಗಡಿಗೆ ಹೋಗ್ತಾನೆ. ಅಲ್ಲಿಗೆ ಬರೋ ಹೆಂಗಸರಿಗೆಲ್ಲ ಅವನ ಹೆಸರು ಗೊತ್ತು. ಮದುವೆಯಲ್ಲಿ ಮಾತಾಡಿದವರು ಇನ್ನೂ ಸಿಕ್ಕಿಲ್ಲ.

ಮೇಡಂ, ಬಿಇಒ ಕಚೇರಿಗೆ ಸೋಮವಾರ ಹೋಗ್ತಿದ್ದೀವಿ. ಆಯಿಷ್‌ನವರು ಕೊಟ್ಟ ವರದಿ, ಆಧಾರ್, ಜನನ ಪ್ರಮಾಣಪತ್ರ ಇಟ್ಟುಕೊಂಡಿದ್ದೀನಿ. ಬೇರೆ ಏನಾದ್ರೂ ಬೇಕಾ? ಪುಟ್ಟನನ್ನೂ ಕರ್ಕೊಂಡು ಹೋಗಬೇಕು ಅಂತಿದ್ದೀನಿ.

ಸಂಪನ್ಮೂಲ ಶಿಕ್ಷಕಿ (ತಿಪಟೂರು)

ಅಷ್ಟು ಸಾಕು, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಪುಟ್ಟನನ್ನ ಖಂಡಿತ ಕರ್ಕೊಂಡು ಹೋಗಿ. ಕಚೇರಿಯಲ್ಲಿ ಕಾಯಬೇಕಾಗಬಹುದು, ಗುಂಡಿ ಡಬ್ಬಿ ಮರೀಬೇಡಿ.